ಒಂದು ಗೇಣು ಎಡಕ್ಕೆ

ಬಚ್ಚಲದ ಬಲ್ಬು ಬಾಗಿಲ ನೆತ್ತಿಯ ಮೇಲಿತ್ತು.
ಕನ್ನಡಿಯ ಎದುರು ನಿಂತರೆ
ಬೆಳಕೆಲ್ಲ ಬೆನ್ನಿಗೆ,
ಮುಖಕ್ಕೆ ನನ್ನದೇ ತಲೆಯ ನೆರಳು.
ಹನ್ನೊಂದು ವರ್ಷ
ಕುಂಕುಮ ಹಚ್ಚಿದ್ದು ಬೆರಳ ಅಂದಾಜಿಗೆ.

ಮೊನ್ನೆ ತಿರುವಿದರೆ ಗಾಜಷ್ಟೇ ಕೈಗೆ ಬಂತು,
ಕೊರಳು ಹೋಲ್ಡರಿನಲ್ಲೇ ಕಚ್ಚಿಕೊಂಡು ಉಳಿಯಿತು.
ಹೆಂಗೂ ಹೊಸದು ಬೇಕು,
ಹಾಕುವುದಾದರೆ ಕನ್ನಡಿ ಮೇಲೆ ಹಾಕಿಸಿರಿ ಅಂದೆ.
ಮನೆಯವರು ಒಮ್ಮೆ ನನ್ನನ್ನು, ಒಮ್ಮೆ ಗೋಡೆಯನ್ನು ನೋಡಿದರು.
"ಶಹಾಬಾದದಾಗ ಗ್ವಾಡಿಗಿ ಮೊಳಿ ಹೊಡಿಯೋದು
ಅಷ್ಟು ಹಗುರ ಅನ್ಕೊಂಡಿಯೇನು?"

ಖರೆ. ನಮ್ಮಲ್ಲಿ ನೆಲವೂ ಕಲ್ಲು, ಗೋಡೆಯೂ ಕಲ್ಲು,
ಮಲಗಿ ಮೇಲೆ ನೋಡಿದರೆ ಅಲ್ಲೂ ಕಲ್ಲು.
ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ತೂಗುಬಿಟ್ಟು
ತಿಂಗಳು ಎಣಿಸುವ ಮನೆ.

ಜಿಲಾನಿ ಬಂದ, ಡ್ರಿಲ್ ತಂದ.
ಕನ್ನಡಿಯ ನಟ್ಟನಡುವೆ, ಮೇಲೆ, ಪೆನ್ಸಿಲಿನಲ್ಲಿ ಗೀಟು ಹಾಕಿ
ಕಿವಿಗೆ ಹತ್ತಿ ತುರುಕಿಕೊಂಡ.
ಕಿಡಿ. ಸುಟ್ಟ ವಾಸನೆ.
ಎರಡು ಬಿಟ್ಟು ಮೊಂಡಾದವು;
ಗೋಡೆಯ ಮೇಲೆ ಸಿಡುಬಿನ ಕಲೆಯಷ್ಟು ಗುರುತು.

ಆಗ ನಮ್ಮ ಮಾವ ಮಲ್ಕಣ್ಣ ಎದ್ದು ಬಂದರು,
ಮೂವತ್ತು ವರ್ಷ ಗಣಿಯಲ್ಲಿ ಪರಸಿ ಎಬ್ಬಿಸಿದವರು.
ಬೆರಳ ಗೆಣ್ಣಿನಿಂದ ಬಡಿದರು.
ಟಕ್.
ಸರಿದು ಬಡಿದರು. ಟಕ್.
ಸಂತೆಯಲ್ಲಿ ಕಲ್ಲಂಗಡಿ ಆರಿಸುವವರ ಹಾಗೆ ಕಿವಿ ಹಚ್ಚಿ
ಇನ್ನೊಂದಿಷ್ಟು ಸರಿದರು.
ಸದ್ದು ಬೇರೆಯಾಯಿತಂತೆ,
ನನಗೆ ಕೇಳಿಸಲಿಲ್ಲ, ಜಿಲಾನಿಗೂ.
"ಇಲ್ಲಿ ಪದರ ಬಿಟ್ಟದ. ಇಲ್ಲಿ ಹೊಡಿ.
ಜೋರು ಮಾಡಬ್ಯಾಡ, ಕೇಳ್ಕೋತ ಹೊಡಿ."

"ನಡು ಆಗಂಗಿಲ್ಲ ಕಾಕಾ, ಒಂದು ಗೇಣು ಎಡಕ್ಕ ಆತದ."
"ಅದು ನಿನ್ನ ನಡು. ಕಲ್ಲಿನ ನಡು ಇಲ್ಲೇ ಅದ."

ಬೆಣ್ಣೆಯಲ್ಲಿ ಇಳಿದಂತೆ ಅಂತ ಸುಳ್ಳು ಹೇಳಲಾರೆ.
ಇಳಿಯಿತು.
ಬೂದು ಪುಡಿ ಸೋಪಿನ ಮೇಲೆ, ಬ್ರಷ್ಷುಗಳ ಮೇಲೆ,
ಮಾವನ ಹುಬ್ಬಿನ ಮೇಲೆ.
ಅವರು ಚಿಟಿಕೆಯಷ್ಟು ತೆಗೆದು ಮೂಸಿ ನೋಡಿದರು,
ಏನೋ ಹೇಳುತ್ತಾರೆ ಅಂತ ನಾವೆಲ್ಲ ನಿಂತೆವು.
ಚಾ ಕೇಳಿದರು.

ರಾತ್ರಿ ಸ್ವಿಚ್ಚು ಒತ್ತಿದೆ.
ಎಡಗೆನ್ನೆ ಹಗಲು, ಬಲಗೆನ್ನೆ ಇನ್ನೂ ಸಂಜೆ.
ಕಿವಿಯ ಮೇಲೆ ಒಂದು ಬಿಳಿ ಎಳೆ,
ಯಾವಾಗಿಂದ ಇತ್ತೋ, ಯಾರೂ ಹೇಳಿರಲಿಲ್ಲ.
ಹುಬ್ಬುಗಳ ನಡುವೆ ಇದೆ ಎಂದುಕೊಂಡಿದ್ದ ಕುಂಕುಮ
ನಡುವೆ ಇರಲಿಲ್ಲ,
ಅದೂ ತುಸು ಎಡಕ್ಕೇ ಇತ್ತು.
ಹನ್ನೊಂದು ವರ್ಷ,
ಮದುವೆ ಮುಂಜಿವೆ ಎಲ್ಲದಕ್ಕೂ ಹಂಗೇ ಹೋಗಿ ಬಂದಿದ್ದೇನೆ.
ಒರೆಸಲು ಬೆರಳೆತ್ತಿದೆ.
ಒಳಗಿನಿಂದ ಮಾವನ ಕೆಮ್ಮು ಕೇಳಿಸಿತು.
ಬಿಟ್ಟೆ.

ಬಾಗಿಲ ಮೇಲಿನ ಹಳೆಯ ತೂತಿಗೆ ಇನ್ನೂ ಸಿಮೆಂಟು ಮೆತ್ತಿಲ್ಲ.
ಹಲ್ಲಿಯೊಂದು ಮೂರು ದಿನದಿಂದ
ಆ ಕತ್ತಲಿಗೇ ಅಂಟಿಕೊಂಡು ಹುಳಕ್ಕೆ ಕಾಯುತ್ತಿದೆ,
ಬಾಲವಷ್ಟೇ ಈಚೆ
ಹೊಸ ಬೆಳಕಿಗೆ ಬಿದ್ದಿದೆ.