ಒಕ್ಕಣ್ಣ

ಬಲಗಣ್ಣು ಒಹಾಯೊದಿಂದ ಬಂತು,
ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೊಟ್ಟೆ ಕಳಿಸಿದಂತೆ ಜೋಪಾನವಾಗಿ.
ಗೇರುಪೆಟ್ಟಿಗೆ ಕಾನ್ಸಾಸಿನ ಒಬ್ಬ ಪಾದ್ರಿಯದು;
ಮೊದಲು ಹಣ ಎಣಿಸಿಕೊಂಡು ಆಮೇಲೆ ಆಶೀರ್ವದಿಸಿದ.
ಎಂಜಿನ್ನು, ಎಂಟು ಸಿಲಿಂಡರಿನ ಚಪ್ಪಟೆ ತಲೆಯದು,
ಯಾರದೋ ಹೊಲದ ಪಂಪಿಗೆ ಕಟ್ಟಿತ್ತು. ನಲವತ್ತು ವರ್ಷ
ಜೋಳಕ್ಕೆ ನೀರೆತ್ತಿ ಎತ್ತಿ
ತಾನು ಕುದುರೆಯೆಂಬುದನ್ನೇ ಮರೆತು
ಎತ್ತಾಗಿಹೋಗಿತ್ತು.

ಎಡಗಣ್ಣು ಮಾತ್ರ ಇಲ್ಲ.

ಮೂವತ್ತೆರಡರ ಫೋರ್ಡು. ಮಾಡನ್ನು ನಾಲ್ಕು ಬೆರಳು ಕೊಯ್ದು
ಕುಳ್ಳಾಗಿಸಿದ್ದೇನೆ, ಮಡ್‌ಗಾರ್ಡು ಕಿತ್ತು ಗೋಡೆಗೊರಗಿಸಿದ್ದೇನೆ.
ಶಾಲಾಬಸ್ಸುಗಳ ಅಡಿಯಲ್ಲಿ ಮಲಗಿ ಗಳಿಸಿದ್ದೆಲ್ಲ
ಇದರ ಹೊಟ್ಟೆ ಸೇರಿದೆ.
ಆದರೂ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದರೆ
ಸಾಲ ಕೊಟ್ಟವನ ಹಾಗೆ
ಒಂದೇ ಕಣ್ಣಲ್ಲಿ ನನ್ನನ್ನು ಅಳೆಯುತ್ತದೆ.

"ಹೊಸದು ಸಿಗತ್ತಲ್ಲ, ಎಮಿಲ್ ಮಾಮ, ತೈವಾನಿನ ಅಚ್ಚು,
ಗುರುವಾರ ಬಾಗಿಲಿಗೇ ಬರತ್ತೆ" ಅಂದ ತಂಗಿಯ ಮಗ.
ಸಿಗತ್ತೆ ಮಗು.
ಕಟ್ಟಿಸಿಕೊಂಡ ಹಲ್ಲೂ ಅಗಿಯತ್ತೆ.

ಹೇಸ್ಟಿಂಗ್ಸಿನ ಗುಜರಿ ಸಂತೆಯಲ್ಲಿ, ಮೊಣಕಾಲು ಕೆಸರಿನಲ್ಲಿ,
ಒಂದನ್ನು ಕಂಡೆ. ಎದೆ ಹೊಡೆದುಕೊಂಡಿತು.
ತಿರುಗಿಸಿ ನೋಡಿದರೆ ಮೂವತ್ತನಾಲ್ಕರದು,
ಅಂಚು ಅರ್ಧ ಇಂಚು ಹೆಚ್ಚು.
ಅರ್ಧ ಇಂಚಿಗೆ ಮುರಿದ ಮದುವೆಗಳನ್ನು ನೋಡಿದ್ದೇನೆ.
ಅಲ್ಲಿಯೇ ಇಟ್ಟು ಬಂದೆ.

ಟೋಪಿಗಳನ್ನು ಮಾರುತ್ತಿದ್ದ ಮುದುಕ ಹೇಳಿದ:
ನದಿಗೆ ಹೋಗು.

ಲೂಪ್ ನದಿ ಅಲ್ಲಿ ತಿರುಗುತ್ತದೆ. ಮಹಾಪೂರದ ವರ್ಷ
ದಂಡೆ ದಿನಕ್ಕೊಂದು ಮಾರು ಕುಸಿಯುತ್ತಿದ್ದಾಗ
ರೈತರು ಸತ್ತ ಕಾರುಗಳನ್ನು ಎಳೆದು ತಂದು
ಕಿಟಕಿಯಿಂದ ಕಿಟಕಿಗೆ ಉಕ್ಕಿನ ಹಗ್ಗ ಪೋಣಿಸಿ
ಮೂತಿ ಕೆಳಗಾಗಿ ದಂಡೆಗೆ ಹೂತರಂತೆ.
ಊರಿಗೆ ಬಂದವಳು ನೀರಿಗೆ ಬಾರದಿರುವಳೇ?
ಬಂದಿದ್ದರು, ಎಲ್ಲರೂ ಬಂದಿದ್ದರು:
ಶೆವರ್ಲೆ, ಹಡ್ಸನ್, ಒಂದು ಹೆಣದ ಗಾಡಿ,
ಸ್ಟಿಯರಿಂಗಿನ ಉಂಗುರದೊಳಗಿಂದ ಬೇರಿಳಿಸಿದ ಕಾಟನ್‌ವುಡ್ ಮರ,
ಡಿಕ್ಕಿಯಲ್ಲಿ ಸಂಸಾರ ಹೂಡಿದ ಹಕ್ಕಿ.
ಕೆಸರಿನಿಂದ ಮೂರನೆಯದರ ಹುಬ್ಬು ಕಂಡೇ ಗುರುತು ಹಿಡಿದೆ.
ತುಕ್ಕು ಹಿಡಿಯದ ಉಕ್ಕು. ಎಡಗಡೆ.

"ಅದು ಕಾರಲ್ಲ" ಅಂದಿತು ಮೇಲಿನಿಂದ ಒಂದು ದನಿ.
ಆಲ್ಡೀನ್ ರಾಸ್ಮುಸ್ಸೆನ್, ಎಂಬತ್ತೆರಡು,
ಗಂಡನ ಕೋಟು, ಕೈಯಲ್ಲಿ ಸಲಿಕೆ.
"ಅದು ನನ್ನ ಹೊಲದ ಪಾಯ.
ಒಂದು ಹಲ್ಲು ಕಿತ್ತರೆ ಪಕ್ಕದ್ದು ಅಲ್ಲಾಡತ್ತೆ.
ನಿನ್ನ ಮೋಜಿಗೆ ನಾನೇಕೆ ನದಿಗೆ ಜಮೀನು ಕೊಡಲಿ?"

ಇನ್ನೂರು ಡಾಲರ್ ಅಂದೆ. ಉಗುಳಿದಳು.
ಮುನ್ನೂರು. ನದಿಯತ್ತ ನೋಡಿದಳು,
ಅದು ಎಷ್ಟು ಕೊಡುತ್ತದೆಂದು ಕೇಳುವಂತೆ.
ಕಡೆಗೆ ಅಂದಳು: "ದುಡ್ಡು ನೀರು ತಡೆಯಲ್ಲ.
ಬಗೆದಷ್ಟು ತುಂಬು."

ದೀಪದ ತೂಕ ಬೆಕ್ಕಿನ ಮರಿಯಷ್ಟು.
ಆದರೆ ಅದರ ಬೋಲ್ಟಿಗೆ ಕೈ ಹೋಗಬೇಕಾದರೆ
ಒಂದು ಆಳು ನಿಲ್ಲುವಷ್ಟು ಬಗೆಯಬೇಕು.
ಎರಡು ಶನಿವಾರ, ಒಂದು ಭಾನುವಾರ,
ನನ್ನದೂ ತಂಗಿಯ ಮಗನದೂ ನಾಲ್ಕು ಅಂಗೈ ಬೊಬ್ಬೆ,
ಹನ್ನೊಂದು ಕೈಗಾಡಿ ಕಲ್ಲು.
ಪ್ರತಿ ಗಾಡಿಗೂ ಅವಳು ಬಾಗಿ,
ತರಕಾರಿ ಆರಿಸುವವಳ ಹಾಗೆ,
ಒಂದೆರಡು ಕಲ್ಲು ಪಕ್ಕಕ್ಕೆಸೆದಳು: "ಇದು ಜಳ್ಳು."

ಗಾಜು ಒಡೆದಿತ್ತು. ಒಳಗೆ ಕಣಜದ ಮಣ್ಣಿನ ಗೂಡು,
ಖಾಲಿ, ಉಗುರು ತಾಗಿದರೆ ಹಿಟ್ಟು.
ಅದರ ಹಿಂದೆ ಕನ್ನಡಿಯಂಥ ಬಟ್ಟಲು;
ಅದರಲ್ಲಿ ತಲೆಕೆಳಗಾಗಿ ನದಿ, ಹೊಲ, ಕೋಟು ತೊಟ್ಟ ಮುದುಕಿ.

ಈಗ ಎರಡೂ ಉರಿಯುತ್ತವೆ.
ಒಹಾಯೊದ್ದು ಬೆಳ್ಳಗೆ, ನೆಟ್ಟಗೆ.
ನದಿಯದ್ದು ಕೊಂಚ ಹಳದಿ, ಎಷ್ಟು ಬಿಗಿದರೂ
ರಸ್ತೆ ಬಿಟ್ಟು ಚರಂಡಿಯನ್ನೇ ಹುಡುಕುತ್ತದೆ.

ಮೊದಲ ಸವಾರಿ ಆಲ್ಡೀನಳಿಗೆ.
ಗಂಟೆಗೆ ಎಪ್ಪತ್ತು ಮೈಲಿಯಲ್ಲಿ ಕೋಟಿನ ಗುಂಡಿ ಹಾಕಿಕೊಂಡು
"ಗಾಳಿ" ಅಂದಳು, ಅಷ್ಟೇ.
ಮನೆಯಲ್ಲಿ ಕಾಫಿ ಕೊಟ್ಟಳು.

ಇನ್ನು ಉಳಿದದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ;
ಸದ್ಯಕ್ಕೆ ಚಿಂದಿ ತುರುಕಿದ್ದೇನೆ.
ಅವಳ ಒಲೆಯ ಪಕ್ಕ, ಉಪ್ಪಿನ ಜಾಡಿಯ ಮೇಲೆ
ಗುಂಡಗೆ ಏನೋ ಹೊಳೆಯುತ್ತಿತ್ತು, ಅಂಚಿಗೆ ಎರಡು ಕಚ್ಚು.
ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.
ಕೇಳಲಿಲ್ಲ.
ನನ್ನಲ್ಲಿ ಕಲ್ಲು ಮುಗಿದಿವೆ.