ಒಳಗೆ ಹೋಗಲಿಲ್ಲ

ನಾಲ್ಕನೇ ಇಯತ್ತೆಯ ಗದ್ದಲ ವರಾಂಡ ದಾಟಿ
ನನ್ನ ಮೇಜಿನ ಮೇಲಿನ ತತ್ತಿಯ ಲೆಕ್ಕಕ್ಕೂ ಬಂತು.
ನೂರಾ ಹನ್ನೆರಡು ಬರೆದಿದ್ದೆ. ಹೊಡೆದು ಹಾಕಿದೆ, ಮತ್ತೆ ಎಣಿಸಿದೆ.

ಎದ್ದು ಹೋದೆ. ಬಾಗಿಲ ತನಕ.
ಒಳಗೆ ಕೋಮಲಾ ಟೀಚರ್, ಕೊಳ್ಳೇಗಾಲದವರು,
ಗದಗಿನ ಬಸ್ಸಿಳಿದು ಈ ಊರಿಗೆ ಬಂದು ಹದಿನೇಳು ದಿನ.
'ಕುಂತ್ಕಳಿ, ಕುಂತ್ಕಳ್ರಪ್ಪಾ' ಅಂದಷ್ಟೂ
ಹುಡುಗರು ಆ ಮಾತನ್ನೇ ಚೆಂಡು ಮಾಡಿ
ಗ್ವಾಡಿಗೆ ಎಸೆದು ಹಿಡಿಯುತ್ತಿದ್ದರು.
ಫಕ್ಕೀರೇಶ ಬೆಂಚಿನ ಮೇಲೆ ನಿಂತಿದ್ದ,
ಮಾಗಡಿ ಕೆರೆಯ ಬಾತುಗಳನ್ನು ಎಣಿಸುವವನ ಹಾಗೆ
ಹಣೆಗೆ ಕೈ ಹಚ್ಚಿ.

ನನ್ನದೊಂದು ಕೆಮ್ಮು ಸಾಕಿತ್ತು.
ಇಪ್ಪತ್ತಾರು ವರ್ಷ ಪಳಗಿದ ಕೆಮ್ಮು ಅದು;
ಕೇಳಿದರೆ ಓಣಿಯ ನಾಯಿಯೂ ಕಾಲು ಮಡಚುತ್ತದೆ.

ಆದರೆ ಕೆಮ್ಮಿದರೆ ಅವರು ಸುಮ್ಮನಾಗುವುದು ನನಗೆ.
ನಾಳೆ ಆಕೆ ಬಾಯಿ ತೆರೆದಾಗ
ಬಾಗಿಲ ಕಡೆ ನೋಡುತ್ತಾರೆ:
ಮುದುಕ ಇದ್ದಾನೋ, ಇಲ್ಲೋ.

ಗಂಟಲಲ್ಲೇ ನುಂಗಿದೆ.
ನುಗ್ಗೆಗಿಡಕ್ಕೆ ನೀರು ಹಾಕಿದೆ, ಬೆಳಿಗ್ಗೆ ಹಾಕಿದ್ದಕ್ಕೇ.
ಕಪ್ಪತಗುಡ್ಡದ ಗಾಳಿ ಅಡಿಗೆಮನೆಯ ತಗಡು ಬಡಿಯಿತು,
ಅದಕ್ಕೂ ಏನೂ ಅನ್ನಲಿಲ್ಲ.

ಒಮ್ಮೆಲೆ ಒಳಗೆ ಸದ್ದಡಗಿತು.
ಆಮೇಲೆ ನಗು. ಬೇರೆ ನಗು,
ಆಕೆಯ ದನಿಯೂ ಸೇರಿದ್ದು.
ಏನಾಯಿತೆಂದು ಇವತ್ತಿಗೂ ನಾನು ಕೇಳಿಲ್ಲ.

ಗೆದ್ದಂತೇನಲ್ಲ. ಮರುದಿನ ಮತ್ತೆ ಅದೇ.
ನೀರಿನ ಟಾಕಿಯ ಹಿಂದೆ ನಿಂತಿದ್ದರು,
ಒರೆಸಿಕೊಂಡ ಕೆನ್ನೆಗೆ ಸೀಮೆಸುಣ್ಣ.
'ರಾಜೀನಾಮೆ ಹೆಂಗ್ ಬರಿಯೋದು ಸಾರ್?'
'ಬರಿಯೂಣಂತ. ಮೊದಲ ಚಾ ಕುಡೀರಿ.'
ಗಿರಿಜವ್ವ ಬಿಸಿಯೂಟದ ಒಲೆಯಲ್ಲೇ ಕಾಸಿದ್ದು,
ಬೇಳೆಯ ವಾಸನೆಯ ಚಾ.

ಕುಡಿಯುತ್ತ ಹೇಳಿದೆ:
ನರಗುಂದದ ಕಡೆ ನನ್ನ ಮೊದಲ ವರ್ಷ
ಸಿಟ್ಟಿಗೆ ಒಬ್ಬ ಹುಡುಗನ ಪಾಟಿ ಒಡೆದೆ.
ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ.
ನನ್ನೊಳಗಿನ ಹಾಜರಿ ಪುಸ್ತಕದಲ್ಲಿ ಇನ್ನೂ ಗೈರು.
ಆಗಿನ ಹೆಡ್‌ಮಾಸ್ತರರು ನೋಡಿದರು, ಏನೂ ಅನ್ನಲಿಲ್ಲ.
ಅಂದಿದ್ದರೆ ಚಲೋ ಇತ್ತು.

'ನಾಳೆ ಏಳನೆಯವರ ಗಣಿತಕ್ಕ ಬಂದು ಹಿಂದ ಕೂಡ್ರಿ.
ನನ್ನ ತಪ್ಪು ಎಣಿಸ್ರಿ.'

ಬಂದರು. ಹೊಸ ನೋಟುಬುಕ್ಕು.
ಭಿನ್ನರಾಶಿ. ರೊಟ್ಟಿ ಹರಿದು ಅರ್ಧ ಮಾಡಿದೆ, ಕಾಲು ಮಾಡಿದೆ,
ಆ ಕಾಲನ್ನು ಮೌಲಾಲಿ ತಿಂದೇಬಿಟ್ಟ;
ಮುಂದಿನ ಲೆಕ್ಕ ಬೋರ್ಡಿನ ಮೇಲೇ ಕುಂಟಿತು.
ಗಂಟೆ ಹೊಡೆದ ಮೇಲೆ ಅಂಜುತ್ತ ಹಾಳೆ ಚಾಚಿದರು: ಏಳು.
'ಒಂಬತ್ತು' ಅಂದೆ. 'ಎರಡು ನನ್ನ ವಯಸ್ಸಿಗೆ ಬಿಟ್ಟೀರಿ.'
ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕರು.

ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಮಾಹಿತಿ, ಗಣತಿಯ ಫಾರ್ಮು
ಆಕೆಯ ಮೇಜಿನಿಂದ ನನ್ನ ಮೇಜಿಗೆ ಬಂದವು.
ಬಿಇಒ ಸಾಹೇಬರು ಕೇಳಿದರು:
ಹೊಸಬರಿಗೆ ಏನೂ ಕೆಲಸ ಕೊಟ್ಟಿಲ್ಲೇನು?
ಕೊಟ್ಟೇನ್ರಿ ಸರ, ನಾಲ್ಕನೇ ಇಯತ್ತೆ ಕೊಟ್ಟೇನಿ.

ಈಗ ಕಡಲೆ ಕೀಳುವ ಕಾಲ, ಅರ್ಧ ಹುಡುಗರು ಹೊಲದಲ್ಲಿ.
ಫಕ್ಕೀರೇಶ ಮಾತ್ರ ತಪ್ಪಿಸುವುದಿಲ್ಲ. ಬಯಲಲ್ಲಿ ಸಣ್ಣವರಿಗೆ
'ಕುಂತ್ಕಳಿ' ಅನ್ನುತ್ತಾನೆ, ಕೊಳ್ಳೇಗಾಲದ ರಾಗದಲ್ಲೇ.
ಅಣಕವೋ ಅಲ್ಲವೋ, ತಿಳಿಯದು.
ಅವರು ಕೂಡುತ್ತಾರೆ.

ರಾಜೀನಾಮೆಯ ಮಾತು ಇಬ್ಬರೂ ಎತ್ತಿಲ್ಲ.
ಗದ್ದಲ ಇನ್ನೂ ಬರುತ್ತದೆ ವರಾಂಡ ದಾಟಿ,
ಕೆಮ್ಮು ಗಂಟಲಲ್ಲೇ ಇದೆ.
ತತ್ತಿ ನೂರಾ ಎಂಟು.
ಮತ್ತೊಮ್ಮೆ ಎಣಿಸಬೇಕು.