ಸೂರು ನೋಡುವವನು

ಯೆರೆವಾನಿನ ಈ ಸಭಾಂಗಣದಲ್ಲಿ ಹೀಟರು ಕೆಮ್ಮುತ್ತದೆ.
ನನ್ನ ಕೆಲಸ ಇಷ್ಟೇ: ಗಡಿಯಾರ ಒತ್ತಿ
ಬೂಟು ಸದ್ದಾಗದಂತೆ ದೂರ ನಿಲ್ಲುವುದು.

ಆರನೆಯ ನಡೆಗೆ ಹ್ರಾಚ್ಯಾ
ಕುದುರೆ ಪಕ್ಕದ ಕಾಲಾಳನ್ನು ಎರಡು ಮನೆ ನೂಕಿ
ಚಹಾ ತರಲು ಎದ್ದ.
ಬರೆದುಕೊಂಡೆ: ಹನ್ನೊಂದು ಸೆಕೆಂಡು.

ಸಿಲಾರ್ದ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.
ನಲವತ್ತೆರಡು ನಿಮಿಷ.
ಅಷ್ಟರಲ್ಲಿ ನಮ್ಮಮ್ಮ ವಾರಕ್ಕಾಗುವಷ್ಟು ಲವಾಶ್ ಸುಟ್ಟು
ಕೈ ಒರೆಸಿಕೊಂಡಿರುತ್ತಿದ್ದಳು.
ಕಡೆಗೆ ಆಡಿದ್ದು
ಒಂಟೆಯನ್ನು ಹಿಂದಕ್ಕೆ, ಒಂದೇ ಮನೆ.
ಯಂತ್ರ ಮೂಸಿಯೂ ನೋಡದ ನಡೆ.

ಹ್ರಾಚ್ಯಾ ಬಂದು ಕೂತ. ಚಹಾ ಆರಿತು.
ಇಪ್ಪತ್ತು ವರ್ಷದಿಂದ ನೋಡಿದ್ದೇನೆ:
ಯೋಚಿಸುವವನ ಕಣ್ಣು ಮಣೆಯ ಮೇಲೆ,
ನೆನಪಿಸಿಕೊಳ್ಳುವವನದು ಸೂರಿನಲ್ಲಿ.
ಸೂರಿನಲ್ಲಿ ಒಂದು ಬಿರುಕು, ಎರಡು ದೀಪ.
ಮೂರು ತಿಂಗಳು ಉರು ಹೊಡೆದ ಪಾಠದಲ್ಲಿ
ಈ ಸಾಲು ಇರಲಿಲ್ಲ.

ಕೂಡಿಟ್ಟ ಹೊತ್ತು ಹೇಗೆ ಸೋರಿತೋ,
ಮೂವತ್ತನೆಯ ನಡೆಗೆ
ಇಬ್ಬರ ಬಳಿಯೂ ತಲಾ ನಾಲ್ಕು ನಿಮಿಷ.
ಆಮೇಲೆ ಬರೀ ಕೈಗಳು.
ಉರುಳಿದ ಆನೆಯನ್ನು ನೆಟ್ಟಗೆ ನಿಲ್ಲಿಸು ಎಂದೆ,
ನಿನ್ನ ಹೊತ್ತಿನಲ್ಲೇ.
ನಿಲ್ಲಿಸಿದ, ನಡುಗುತ್ತ.
ಮೂವತ್ತೊಂಬತ್ತಾಯಿತು.
ನಲವತ್ತಕ್ಕೆ ಬೆರಳು ಗುಂಡಿ ಮುಟ್ಟುವ ಮುನ್ನ ಸೊನ್ನೆ.

ಸಹಿ ಹಾಕುತ್ತ ಕೇಳಿದ,
ಆ ಒಂಟೆ ಯಾಕೆ ಹಿಂದೆ ಹೋಯಿತು?
ಸಿಲಾರ್ದ್ ಮುಚ್ಚಳಕ್ಕಾಗಿ ಮೇಜಿನಡಿ ತಡಕಾಡುತ್ತಿದ್ದ.
ನಿಜ ಹೇಳಲಾ, ಎಂದ,
ಬೇರೇನೂ ತೋಚಲಿಲ್ಲ.

ನಾಳೆಗೆಂದು ಗಡಿಯಾರ ತಿರುಗಿಸಿಟ್ಟೆ:
ಎರಡು ಗಂಟೆ, ಎರಡು ಗಂಟೆ.
ತುಂಬಿದ್ದ ಲೋಟವನ್ನು ನಾನೇ ಚೆಲ್ಲಿ ಬಂದೆ.